ಸಹಾಯ ಬೇಕು: ಸಣ್ಣ ರಿವಾಲ್ವರ್‌ಗೆ ಲೇಸರ್ ಹಾಕಿಸೋದು ಉಪಯೋಗವೇ? (ಬಳ್ಳಾರಿ)

ನಮಸ್ಕಾರ. ಲೈಸೆನ್ಸ್ ಇರುವ .32 ಐಒಎಫ್ (ಸರ್ಕಾರಿ ಆರ್ಡ್‌ನೆನ್ಸ್ ಕಾರ್ಖಾನೆಯ) ರಿವಾಲ್ವರ್‌ಗೆ, ಗುರಿಯ ಮೇಲೆ ಬೆಳಕಿನ ಚುಕ್ಕೆ ಬೀಳಿಸುವ ಲೇಸರ್ ಕೂರಿಸುವ ವಿಚಾರ. ಇದರಲ್ಲಿ ರೈಲ್ (ಲೇಸರ್ ಸಿಕ್ಕಿಸುವ ಪಟ್ಟಿ) ಇಲ್ಲ, ಹಾಗಾಗಿ ಹಿಡಿಕೆಯೊಳಗೇ ಕೂರುವ ಲೇಸರ್ ನೋಡ್ತಿದ್ದೀನಿ.

ಬಳ್ಳಾರಿ ಬಿಸಿಲಲ್ಲಿ 635–650 ನ್ಯಾನೋಮೀಟರ್ ಕೆಂಪು ಚುಕ್ಕೆ ಕೆಲವೇ ಹೆಜ್ಜೆ ದೂರಕ್ಕೆ ಮಾಯ. 520ರ ಹಸಿರು ಚೆನ್ನಾಗಿ ಕಾಣುತ್ತೆ, ಆದರೆ ಬ್ಯಾಟರಿ ಬೇಗ ತಿನ್ನುತ್ತೆ. ಮುಸ್ಸಂಜೆ, ಕತ್ತಲ ಓಣಿಯಲ್ಲಿ ಮಾತ್ರ ಲೇಸರ್‌ಗೆ ನಿಜವಾದ ಬೆಲೆ.

ಜನ ಎಡವೋದು ಹೊಂದಾಣಿಕೆಯಲ್ಲಿ, ಅಂದರೆ ಚುಕ್ಕೆ ಮತ್ತು ಗುಂಡು ಒಂದೇ ಕಡೆ ಬೀಳುವಂತೆ ಕೂಡಿಸೋದರಲ್ಲಿ. ಲೇಸರ್ ನಳಿಕೆಯಿಂದ 2.5 ಸೆಂ.ಮೀ. ಬಲಕ್ಕಿದೆ ಅನ್ನಿ. 7 ಮೀಟರಿಗೆ ಕೂಡಿಸಿದರೆ, 3 ಮೀಟರಲ್ಲಿ ಗುಂಡು ಚುಕ್ಕೆಗಿಂತ ಸುಮಾರು 1.5 ಸೆಂ.ಮೀ. ಎಡಕ್ಕೆ, 14 ಮೀಟರಲ್ಲಿ 2.5 ಸೆಂ.ಮೀ. ಬಲಕ್ಕೆ ಬೀಳುತ್ತೆ. ಆತ್ಮರಕ್ಷಣೆಯ ದೂರಕ್ಕೆ ಇದು ದೊಡ್ಡದಲ್ಲ. ದೊಡ್ಡ ತೊಂದರೆ ಬೇರೆ: ನಡುಗುವ ಚುಕ್ಕೆ ನಿಲ್ಲಲಿ ಅಂತ ಕಾದು, ನಿಂತ ಕ್ಷಣಕ್ಕೆ ಟ್ರಿಗರ್ ಕಿತ್ತೆಳೆಯೋದು. ಗುಂಡು ಕೆಳಕ್ಕೆ ಹೋಗುತ್ತೆ. ಆದರೆ ಅದೇ ಚುಕ್ಕೆ ಅಭ್ಯಾಸಕ್ಕೆ ಒಳ್ಳೆಯ ಗುರು: ಖಾಲಿ ಅಂತ ಎರಡು ಸಲ ನೋಡಿ, ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ಅಭ್ಯಾಸದ ನಕಲಿ ಗುಂಡು) ಹಾಕಿ ಗೋಡೆಗೆ ಹಿಡಿದು ಎಳೆದರೆ ಬೆರಳಿನ ತಪ್ಪು ಅಲ್ಲೇ ಕಾಣುತ್ತೆ.

ಜೇಬಿನ ನೂಲು ಲೆನ್ಸಿಗೆ ಅಂಟಿದರೆ ಚುಕ್ಕೆ ಹರಡಿ ಮಸುಕಾಗುತ್ತೆ, ಬೆರಳು ಮೇಲೆ ಬಂದರೆ ಕಿರಣವೇ ಇಲ್ಲ. ಹೊಂದಾಣಿಕೆಯ ಸಣ್ಣ ಸ್ಕ್ರೂ ಒದೆತಕ್ಕೆ ಸಡಿಲಾಗೋದೂ ಇದೆ.

ಬೇಕಾದ ಸಹಾಯ: ಈ ಚೌಕಟ್ಟಿಗೆ ಮರ ಕೆತ್ತದೆ, ಲೋಹ ಮುಟ್ಟದೆ ಕೂರುವ ಹಿಡಿಕೆ ಯಾರಾದರೂ ಬಳಸಿದ್ದೀರಾ? 50 ಗುಂಡು ಹೊಡೆದ ಮೇಲೂ ಹೊಂದಾಣಿಕೆ ಉಳಿಯಿತೇ? ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಈ ಕೆಲಸ ಬಲ್ಲ ಪರವಾನಗಿ ಪಡೆದ ಬಂದೂಕು ರಿಪೇರಿಯವರಿದ್ದರೆ ದಯವಿಟ್ಟು ತಿಳಿಸಿ.