ಅಜ್ಜನ ಟ್ರಂಕಿನಲ್ಲಿ ಬರ್ಮಾ ಸ್ಟಾರ್: ಇದು ಶೌರ್ಯ ಪದಕವಾ?

ಪ್ರಶ್ನೆ (ಉಡುಪಿ): ಅಜ್ಜನ ಟ್ರಂಕಿನಲ್ಲಿ ಆರು ಮೂಲೆಯ ನಕ್ಷತ್ರದ ಪದಕ ಸಿಕ್ಕಿದೆ. ನಡುವೆ ಕಿರೀಟ, ‘ದಿ ಬರ್ಮಾ ಸ್ಟಾರ್’ ಎಂಬ ಇಂಗ್ಲಿಷ್ ಅಕ್ಷರ. ಹಿಂದೆ ನಂಬರು, ಅಜ್ಜನ ಹೆಸರು, ಆರ್‌ಐಎಎಸ್‌ಸಿ ಎಂದಿದೆ. ಬರ್ಮಾದಲ್ಲಿ ಹೋರಾಡಿದ್ದಕ್ಕೆ ಕೊಟ್ಟ ಶೌರ್ಯ ಪದಕ ಅಂತ ಮನೆಯಲ್ಲಿ ಹೇಳುತ್ತಾರೆ. ಹೌದಾ? ಹುಣಸೆಹುಳಿ ಹಾಕಿ ತಿಕ್ಕಬಹುದಾ?

ಉತ್ತರ (ಹಳೆ ಪದಕಗಳ ಕೆಲಸ ಮಾಡುವವರು, ಮಂಗಳೂರು): ಮೊದಲು ಹುಣಸೆಹುಳಿ ದೂರ ಇಡಿ! ದೀಪದ ಕಂಬಕ್ಕೆ ಸರಿ, ಇದಕ್ಕಲ್ಲ. ಕೊರೆದ ಅಕ್ಷರ ಸವೆದರೆ ಮತ್ತೆ ಬರುವುದಿಲ್ಲ. ಒಣ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ನಮ್ಮ ಕರಾವಳಿಯ ಉಪ್ಪುಗಾಳಿ, ತೇವ ತಾಗದಂತೆ ಡಬ್ಬಿಯಲ್ಲಿಡಿ.

ಇದು ಶೌರ್ಯ ಪದಕವಲ್ಲ, ಯುದ್ಧಸೇವೆಯ ಪದಕ. 1941ರ ಡಿಸೆಂಬರ್ 11ರಿಂದ 1945ರ ಸೆಪ್ಟೆಂಬರ್ 2ರವರೆಗೆ, ಎರಡನೇ ಮಹಾಯುದ್ಧದ ಬರ್ಮಾ ರಂಗದಲ್ಲಿ ದುಡಿದವರಿಗೆ ಕೊಟ್ಟದ್ದು. ಜನರಲ್‌ಗೂ ಡ್ರೈವರ್‌ಗೂ ಅದೇ ನಕ್ಷತ್ರ. ಇನ್ನೊಂದು ಮಾತು: ಬಂಗಾಳ, ಅಸ್ಸಾಂನಲ್ಲಿ ನಿಗದಿತ ಅವಧಿಯಲ್ಲಿ ಸೇವೆ ಮಾಡಿದವರಿಗೂ ಇದು ಸಿಕ್ಕಿದೆ. ಹಾಗಾಗಿ ಅಜ್ಜ ಗಡಿ ದಾಟಿದ್ದರು ಅಂತ ಪದಕ ನೋಡಿಯೇ ಹೇಳಲು ಬರುವುದಿಲ್ಲ.

ಆದರೆ ಹಿಂದಿನ ಅಕ್ಷರ ನೋಡಿ, ನಿಜವಾದ ಸುಳಿವು ಅಲ್ಲುಂಟು. ಆರ್‌ಐಎಎಸ್‌ಸಿ ಅಂದರೆ ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್. ಅಕ್ಕಿ, ಪೆಟ್ರೋಲು ಸಾಗಿಸುವ ಲಾರಿ, ಹೇಸರಗತ್ತೆಗಳ ಪಡೆ. ಆ ರಂಗಕ್ಕೆ ಸಾಮಾನು ಹೋಗುತ್ತಿದ್ದ ಒಂದು ಮುಖ್ಯ ದಾರಿ: ಈಗಿನ ನಾಗಾಲ್ಯಾಂಡಿನ ದಿಮಾಪುರದವರೆಗೆ ರೈಲು, ಅಲ್ಲಿಂದ ಕೊಹಿಮಾ ಮೇಲಾಗಿ ಮಣಿಪುರದ ಇಂಫಾಲಕ್ಕೆ ಘಾಟಿ ರಸ್ತೆ. 1944ರಲ್ಲಿ ಜಪಾನಿಯರು ಈ ರಸ್ತೆಯನ್ನೇ ಕಡಿದು ಹಾಕಿದ್ದರು. ಸಾಮಾನು ಸಾಗಿಸುವುದು ಸಣ್ಣ ಕೆಲಸ ಅಂತ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ.

ಪ್ರಶ್ನೆ: ಅವರು ಎಲ್ಲಿದ್ದರು ಅಂತ ತಿಳಿಯುವುದು ಹೇಗೆ? ರಿಬ್ಬನ್ ಕೂಡ ಹೋಗಿದೆ.

ಉತ್ತರ: ಆ ಪಡೆಯೇ ಈಗಿನ ಆರ್ಮಿ ಸರ್ವಿಸ್ ಕೋರ್. ಅದರ ದಾಖಲೆ ಕಚೇರಿ, ಬೆಂಗಳೂರಿನ ಎಎಸ್‌ಸಿ ರೆಕಾರ್ಡ್ಸ್ ಸೌತ್‌ಗೆ ಬರೆಯಿರಿ. ಸೇನಾ ನಂಬರು, ಹೆಸರು, ಊರು ಹಾಕಿ. ಊರಿನ ಜೊತೆ ‘ಸೌತ್ ಕೆನರಾ, ಮದ್ರಾಸ್ ಪ್ರಾಂತ್ಯ’ ಅಂತಲೂ ಸೇರಿಸಿ. ಆಗ ಉಡುಪಿ ಅದರಲ್ಲೇ ಇತ್ತಲ್ವಾ. ಹೆಸರಿನ ಸ್ಪೆಲ್ಲಿಂಗ್ ಪದಕದಲ್ಲಿ ಇದ್ದ ಹಾಗೇ ಇರಲಿ, ತಿದ್ದಬೇಡಿ. ಪಿಂಚಣಿ ಪುಸ್ತಕ, ಡಿಸ್‌ಚಾರ್ಜ್ ಕಾಗದ ಇದ್ದರೆ ಪ್ರತಿ ಲಗತ್ತಿಸಿ.

ರಿಬ್ಬನ್ ಹೊಸದು ಹಾಕಬಹುದು, ತಪ್ಪಿಲ್ಲ. ನಡುವೆ ಅಗಲದ ಕೆಂಪು ಪಟ್ಟಿ, ಎರಡೂ ಬದಿ ಕಡುನೀಲಿ, ಪ್ರತಿ ನೀಲಿಯ ನಡುವೆ ಕಿತ್ತಳೆ ಗೆರೆ. ಟ್ರಂಕನ್ನು ಇನ್ನೊಮ್ಮೆ ಜಾಲಾಡಿ. ಈ ನಕ್ಷತ್ರ ಸಿಕ್ಕವರಿಗೆ ಸಾಮಾನ್ಯವಾಗಿ 1939–45ರ ವಾರ್ ಮೆಡಲ್ ಕೂಡ ಸಿಗುತ್ತಿತ್ತು. ಅದು ದುಂಡಗೆ, ಬಿಳಿ ಲೋಹದ್ದು. ಹಳೆ ನಾಣ್ಯ ಅಂತ ಮಕ್ಕಳ ಕೈಗೆ ಹೋಗಿರಲೂಬಹುದು.