ಕಕ್ಕಬ್ಬೆ ಕಡೆ ಮನೆ, ಯಾವ ಸಿಮ್ ಹಾಕಿಸೋದು?

ತೋಟದಮನೆ_ಕಕ್ಕಬ್ಬೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕೊಡಗಿನ ಕಕ್ಕಬ್ಬೆಯಿಂದ ಒಳಗೆ, ತಡಿಯಂಡಮೋಳ್ ಬೆಟ್ಟದ ಬುಡದ ಕಡೆ. ರಸ್ತೆಯಲ್ಲಿ ಇರುವವರೆಗೆ ಫೋನ್ ಇರುತ್ತದೆ, ತೋಟದ ಗೇಟ್ ದಾಟಿ ಇಳಿದರೆ ಮುಗಿಯಿತು. ಜಗಲಿಯ ಎಡಗಡೆ ಕಿಟಕಿಯ ಸರಳಿಗೆ ಒಂದು ಬಟ್ಟೆ ಚೀಲ ಕಟ್ಟಿ ಅದರಲ್ಲಿ ಫೋನ್ ಇಟ್ಟಿದ್ದೇವೆ. ರಿಂಗಾದರೆ ಓಡಿ ಹೋಗಿ ಸ್ಪೀಕರ್ ಹಾಕಿ ಅಲ್ಲೇ ನಿಂತು ಮಾತಾಡಬೇಕು, ಕೈಗೆ ತೆಗೆದುಕೊಂಡರೆ ಕಟ್. ಹಾಗಾಗಿ ನಮ್ಮ ಮನೆ ವಿಷಯ ಎಲ್ಲ ಲೈನ್ ಮನೆಯಲ್ಲಿರುವ ತೋಟದ ಕೆಲಸದವರಿಗೂ ಗೊತ್ತು.

ಇಷ್ಟು ದಿನ ಹೇಗೋ ನಡೆಯಿತು. ಈಗ ತಂಗಿ ಬೆಂಗಳೂರಿಂದ ಬಂದು ಮನೆಯಿಂದಲೇ ಕೆಲಸ ಮಾಡುತ್ತೇನೆ ಅನ್ನುತ್ತಿದ್ದಾಳೆ. ಅಪ್ಪನದು ಹಳೇ ಕೀಪ್ಯಾಡ್ ಫೋನ್, ಅದನ್ನು ಬಿಡುವ ಮಾತೇ ಇಲ್ಲ. ನನಗೆ ಬ್ಯಾಂಕಿನ ಓಟಿಪಿ ಬರಬೇಕು, ಕಾಫಿ ರೇಟ್ ನೋಡಬೇಕು. ಆನೆ ಯಾರ ತೋಟದಲ್ಲಿದೆ ಅಂತ ಬೆಳಿಗ್ಗೆ ವಾಟ್ಸಾಪ್ ಗುಂಪಿನಲ್ಲಿ ಹಾಕುತ್ತಾರೆ, ಅದು ಕೆಲಸದವರು ಬರುವ ಮೊದಲೇ ಕಾಣಬೇಕು, ಒಂಬತ್ತು ಗಂಟೆಗೆ ಕಂಡು ಏನು ಪ್ರಯೋಜನ? ಈಗಿರುವ ಕಂಪನಿ ಹೆಸರು ಬೇಡ. ಕಸ್ಟಮರ್ ಕೇರ್‌ಗೆ ಹೇಳಿದರೆ "ನಿಮ್ಮ ಏರಿಯಾದಲ್ಲಿ ಸಿಗ್ನಲ್ ಚೆನ್ನಾಗಿದೆ ಸಾರ್" ಅನ್ನುತ್ತಾರೆ. ನಾನು ಆ ಫೋನ್ ಮಾಡಿದ್ದೇ ರಸ್ತೆಗೆ ಹತ್ತಿ ಬಂದು!

ನಂಬರ್ ಬದಲಾಯಿಸುವ ಹಾಗಿಲ್ಲ, ಅದೇ ನಂಬರ್ ಇಟ್ಟುಕೊಂಡು ಬೇರೆ ಕಂಪನಿಗೆ ಪೋರ್ಟ್ ಮಾಡಿಸಬೇಕು. ಜಿಯೋ, ಏರ್‌ಟೆಲ್, ವಿಐ, ಬಿಎಸ್ಎನ್ಎಲ್, ಯಾವುದಕ್ಕೆ ಹೋಗಲಿ? ಮಳೆಗಾಲದಲ್ಲಿ ನಿಲ್ಲುವುದು ಯಾವುದು ಅಂತ ಹೇಳಿ. ಬೇಸಿಗೆ ಕಥೆ ಬೇಡ.

ಗೋಣಿಕೊಪ್ಪ_ರೀಚಾರ್ಜ್

ಅಂಗಡಿಯಲ್ಲಿ ದಿನಾ ಕೇಳುವ ಪ್ರಶ್ನೆ. ಇದಕ್ಕೆ ಒಂದೇ ಕಂಪನಿ ಹೆಸರು ಹೇಳಿ ಉತ್ತರ ಕೊಡುವವರನ್ನು ನಂಬಬೇಡಿ ಅಣ್ಣ, ಸಿಮ್ ಮಾರುವ ನನ್ನನ್ನೂ ಸೇರಿಸಿ. ಗೋಣಿಕೊಪ್ಪ ಪೇಟೆಯಲ್ಲಿ ಎಲ್ಲವೂ ಓಡುತ್ತದೆ. ಅದೇ ಸಿಮ್ ಬಿರುನಾಣಿ ಕಡೆಗೆ ತೆಗೆದುಕೊಂಡು ಹೋದವರು ವಾಪಸ್ ಬಂದು ನನ್ನ ಜೊತೆ ಜಗಳ ಮಾಡುತ್ತಾರೆ. ಪಕ್ಕದ ಮನೆಯವರಿಗೆ ಸಿಗುತ್ತದೆ ಅಂತ ನಿಮಗೂ ಸಿಗಬೇಕು ಅಂತೇನಿಲ್ಲ, ನಡುವೆ ಒಂದು ದಿಣ್ಣೆ ಇದ್ದರೆ ಸಾಕು.

ಮೊದಲೇ ಪೋರ್ಟ್ ಮಾಡಬೇಡಿ. ಒಮ್ಮೆ ಹೋದರೆ 90 ದಿನ ಆ ಕಂಪನಿಯಲ್ಲೇ ಇರಬೇಕು, ಅಲ್ಲಿವರೆಗೆ ಬೇರೆ ಕಡೆ ಹೋಗಲು ಕೋಡೇ ಬರುವುದಿಲ್ಲ. ನಿಮಗೆ ಅನುಮಾನ ಇರುವ ಕಂಪನಿಯ ಹೊಸ ಪ್ರಿಪೇಯ್ಡ್ ಸಿಮ್ ಒಂದು ತೆಗೆದುಕೊಳ್ಳಿ, ಕಡಿಮೆ ಪ್ಯಾಕ್ ಹಾಕಿ, ಫೋನಿನ ಎರಡನೇ ಸ್ಲಾಟಿಗೆ ಹಾಕಿ ಮನೆಯಲ್ಲಿ ಓಡಾಡಿ. ಅಡುಗೆಮನೆ, ಕಣ, ಪಂಪ್‌ಹೌಸ್ ಎಲ್ಲ ಕಡೆ. ಕರೆಂಟ್ ಹೋದಾಗ ಖಂಡಿತ ನೋಡಿ. ಸರಿ ಅನ್ನಿಸಿದ ಮೇಲೆ ನಿಮ್ಮ ಹಳೇ ನಂಬರನ್ನು ಅಲ್ಲಿಗೆ ತನ್ನಿ.

ಟವರ್_ಹತ್ತಿದವ

ಕೆಲವು ವರ್ಷ ಟವರ್ ಮೇಂಟೆನೆನ್ಸ್ ಕೆಲಸದಲ್ಲಿದ್ದೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಮಳೆ ಬಂದರೆ ಸಿಗ್ನಲ್ ಹೋಗುತ್ತದೆ ಅನ್ನುವುದು ಅರ್ಧ ಸರಿ. ಟವರಿನಿಂದ ನಿಮ್ಮ ಫೋನಿಗೆ ಬರುವ 4ಜಿ ಸಿಗ್ನಲ್ ಹೆಚ್ಚಾಗಿ 700ರಿಂದ 2300 ಮೆಗಾಹರ್ಟ್ಸ್ ಒಳಗಿನದು, ಅದಕ್ಕೆ ಮಳೆ ಲೆಕ್ಕವೇ ಅಲ್ಲ. ಗುಡ್ಡ, ಎಲೆ ತುಂಬಿದ ಒದ್ದೆ ಮರ, ಅವು ಲೆಕ್ಕ. ಕಾಫಿ ತೋಟದ ನೆರಳಿನ ಮರಗಳ ಕೆಳಗೆ ಕೂತವರಿಗೆ ಇದು ಬೇರೆ ಹೇಳಬೇಕಾಗಿಲ್ಲ. ಮಳೆ ಹೊಡೆಯುವುದು ಬೇರೆ ಜಾಗದಲ್ಲಿ. ಟವರ್ ಮೇಲೆ ಡೋಲಿನ ಹಾಗೆ ದುಂಡಗಿನ ಡಿಶ್ ನೋಡಿರುತ್ತೀರಿ, ಅದು ಒಂದು ಟವರಿನಿಂದ ಇನ್ನೊಂದಕ್ಕೆ ಲಿಂಕ್. ಅದು 15, 18 ಗಿಗಾಹರ್ಟ್ಸ್ ಅಂಥ ಮೇಲಿನ ಫ್ರೀಕ್ವೆನ್ಸಿಯಲ್ಲಿ ಕೆಲಸ ಮಾಡುತ್ತದೆ, ಜೋರು ಮಳೆಗೆ ಸೋಲುತ್ತದೆ. ಆಗ ಫೋನಿನಲ್ಲಿ ಗೆರೆ ಪೂರ್ತಿ ಇರುತ್ತದೆ, ನೆಟ್ ಇರುವುದಿಲ್ಲ. ಫೋನಿಗೂ ಟವರಿಗೂ ಸರಿ ಇದೆ, ಟವರಿಗೆ ಮುಂದೆ ದಾರಿ ಇಲ್ಲ. ಫೈಬರ್ ಇರುವ ಟವರಿಗೆ ಈ ತೊಂದರೆ ಇಲ್ಲ, ಆದರೆ ಮರ ಬಿದ್ದು ಕೇಬಲ್ ತುಂಡಾದರೆ, ರಸ್ತೆ ಕುಸಿದರೆ ಅದೂ ಹೋಯಿತು. 2018ರ ಆಗಸ್ಟಿನ ಭೂಕುಸಿತ ನೆನಪಿದೆಯಲ್ವಾ.

ಎರಡನೆಯದು ಕರೆಂಟ್. ನಮ್ಮ ಕಡೆ ಮಳೆಗಾಲದ ಹೆಚ್ಚಿನ ತೊಂದರೆ ಇದೇ. ಟವರಿಗೆ ಬ್ಯಾಟರಿ ಇರುತ್ತದೆ, ಕೆಲವು ಗಂಟೆ. ಆಮೇಲೆ ಜನರೇಟರ್, ಇದ್ದರೆ. ಡೀಸೆಲ್ ಖಾಲಿಯಾದರೆ ಯಾರೋ ಕ್ಯಾನ್ ಹೊತ್ತು ಆ ಗುಡ್ಡ ಹತ್ತಬೇಕು. ರಸ್ತೆಗೆ ಮರ ಬಿದ್ದಿದ್ದರೆ ಅವನೂ ಬರುವುದಿಲ್ಲ. ಹತ್ತಿರ ಟವರ್ ಇದ್ದರೆ ಒಂದು ಕೆಲಸ ಮಾಡಿ, ಕರೆಂಟ್ ಹೋದ ರಾತ್ರಿ ಜನರೇಟರ್ ಶಬ್ದ ಬರುತ್ತದಾ ಕೇಳಿ. ಯಾವ ಜಾಹೀರಾತಿಗಿಂತಲೂ ಆ ಶಬ್ದ ಜಾಸ್ತಿ ಹೇಳುತ್ತದೆ.

ಮೂರನೆಯದನ್ನು ಯಾರೂ ಗಮನಿಸುವುದಿಲ್ಲ. ಒಂದೇ ಟವರಿನಲ್ಲಿ ಎರಡು ಮೂರು ಕಂಪನಿಯ ಆಂಟೆನಾ ಇರುತ್ತದೆ. ಬ್ಯಾಟರಿ, ಜನರೇಟರ್ ಎಲ್ಲರಿಗೂ ಒಂದೇ. ನೀವು ಜಾಣತನದಿಂದ ಎರಡು ಕಂಪನಿಯ ಸಿಮ್ ಇಟ್ಟುಕೊಂಡು, ಎರಡೂ ಅದೇ ಟವರಿನಿಂದ ಬರುತ್ತಿದ್ದರೆ, ಎರಡೂ ಒಂದೇ ನಿಮಿಷಕ್ಕೆ ಸಾಯುತ್ತವೆ. ಹಾಗಾಗಿ ಎರಡು ಸಿಮ್ ಅಂದರೆ ಎರಡು ದಿಕ್ಕಿನ ಟವರ್ ಇರಬೇಕು. ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಅನ್ನುವ ವೆಬ್‌ಸೈಟಿನಲ್ಲಿ ನಿಮ್ಮ ಸುತ್ತ ಯಾವ ಟವರಿನಲ್ಲಿ ಯಾವ ಕಂಪನಿ ಇದೆ ಅಂತ ನೋಡಬಹುದು. ಕಂಪನಿಗಳ ವೆಬ್‌ಸೈಟಿನಲ್ಲೂ 4ಜಿ, 5ಜಿ ನಕ್ಷೆ ಹಾಕಬೇಕು ಅಂತ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಹೇಳಿದ ಮೇಲೆ ಹಾಕಿದ್ದಾರೆ. ಆದರೆ ಆ ನಕ್ಷೆಯ ಬಣ್ಣ ರಸ್ತೆಯ ಮೇಲಿನದು ಅಂದುಕೊಳ್ಳಿ, ನಿಮ್ಮ ಹೆಂಚಿನ ಕೆಳಗಿನದಲ್ಲ.

ಶಾಂತಳ್ಳಿ_ಮೇಷ್ಟ್ರು

ಗುಡ್ಡದ ಕಡೆಯವರಿಗೆ ನನ್ನ ಓಟು ಇವತ್ತಿಗೂ ಬಿಎಸ್ಎನ್ಎಲ್. ಬೈಯುವವರು ಬೈಯಲಿ. 2024ರ ಜುಲೈನಲ್ಲಿ ಮೂರು ಖಾಸಗಿ ಕಂಪನಿಗಳೂ ಒಟ್ಟಿಗೆ ರೇಟ್ ಏರಿಸಿದಾಗ ಇದಕ್ಕೆ ಪೋರ್ಟ್ ಆದವರು ಎಷ್ಟು ಜನ! 2025ರ ಸೆಪ್ಟೆಂಬರಿನಲ್ಲಿ ಸ್ವದೇಶಿ 4ಜಿ ಅಧಿಕೃತವಾಗಿ ಶುರುವಾಯಿತು. ಅದರಲ್ಲಿ 700 ಮೆಗಾಹರ್ಟ್ಸ್ ಕೂಡ ಇದೆ, ದೂರ ಹೋಗುವ ಫ್ರೀಕ್ವೆನ್ಸಿ ಅದು. ಆದರೆ ನಿಮ್ಮ ಫೋನ್ ಬ್ಯಾಂಡ್ 28, ಅಂದರೆ ಆ 700 ಮೆಗಾಹರ್ಟ್ಸ್, ಹಿಡಿಯುತ್ತದಾ ನೋಡಿಕೊಳ್ಳಿ, ಇಲ್ಲದಿದ್ದರೆ ಟವರ್ ಎದುರೇ ಇದ್ದರೂ ಅದು ಸಿಗುವುದಿಲ್ಲ.

ನಿಮ್ಮ ತಂದೆಯವರ ವಿಷಯ. ಹಳೇ ಕೀಪ್ಯಾಡ್ ಫೋನಿಗೆ ಜಿಯೋ ಸಿಮ್ ಹಾಕಲೇಬೇಡಿ. ಜಿಯೋದಲ್ಲಿ 2ಜಿ ಇಲ್ಲವೇ ಇಲ್ಲ, ಮಾತು ಕೂಡ 4ಜಿ ಮೇಲೆಯೇ ಹೋಗಬೇಕು. ಅವರದೇ 4ಜಿ ಕೀಪ್ಯಾಡ್ ಫೋನ್ ಬೇರೆ ಬರುತ್ತದೆ, ಅದು ಬೇಕಾದರೆ ಸರಿ. ಇಲ್ಲವಾದರೆ 2ಜಿ ಇರುವ ಕಂಪನಿ ನೋಡಿ. ಡೇಟಾ ಬೇಡದವರಿಗೆ ಬರೀ ಕಾಲ್ ಮತ್ತು ಎಸ್ಸೆಮ್ಮೆಸ್‌ನ ಪ್ಯಾಕ್ ಕೊಡಬೇಕು ಅಂತ ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿದೆ, 365 ದಿನದವರೆಗೂ ವ್ಯಾಲಿಡಿಟಿ ಇರಬಹುದು. ಅಂಗಡಿಯವರು ಅದನ್ನು ತಾವಾಗಿ ಹೇಳುವುದಿಲ್ಲ, ಕೇಳಿ ಹಾಕಿಸಿಕೊಳ್ಳಬೇಕು.

ಗೋಣಿಕೊಪ್ಪ_ರೀಚಾರ್ಜ್

ನಾನು ಹೇಳುತ್ತೇನೆ ಮೇಷ್ಟ್ರೇ 😄 ಎಲ್ಲರನ್ನೂ ಒಂದೇ ಮಾಡಬೇಡಿ.

ಗಾಳಿಬೀಡು_ಹೋಂಸ್ಟೇ

ನಾನು ಮೊಬೈಲ್ ಟವರಿನ ಆಸೆಯನ್ನೇ ಬಿಟ್ಟಿದ್ದೇನೆ. ಮನೆಗೆ ಫೈಬರ್ ಹಾಕಿಸಿ ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿದರೆ ಮುಗಿಯಿತು, ಸಿಗ್ನಲ್ ಒಂದು ಗೆರೆ ಇಲ್ಲದಿದ್ದರೂ ಅದೇ ನಂಬರಿಗೆ ಕಾಲ್ ಬರುತ್ತದೆ. ಗೆಸ್ಟ್‌ಗಳು ಬಂದ ತಕ್ಷಣ ಕೇಳುವುದು ಬಿಸಿನೀರಲ್ಲ, ವೈಫೈ ಪಾಸ್‌ವರ್ಡ್. ನಿಮ್ಮ ತಂಗಿಗೂ ಇದೇ ಸರಿ, ಮೊಬೈಲ್ ಡೇಟಾ ನಂಬಿ ಆಫೀಸ್ ಮೀಟಿಂಗ್‌ಗೆ ಕೂರುವುದು ಕಷ್ಟ. ರೌಟರಿಗೆ 12 ವೋಲ್ಟಿನ ಸಣ್ಣ ಯುಪಿಎಸ್ ಸಿಗುತ್ತದೆ, ಅದನ್ನು ಹಾಕಿ. ಇನ್ವರ್ಟರ್ ಇದ್ದರೆ ಅದೂ ಬೇಡ. ಆದರೆ ಲೈನ್ ಕಂಬದ ಮೇಲೆ ಬರುತ್ತದೆ, ಸಿಲ್ವರ್ ಓಕ್ ಕೊಂಬೆ ಬಿದ್ದರೆ ಕಟ್. ಹಾಕಿಸುವ ಮೊದಲು ಲೈನ್‌ಮ್ಯಾನ್ ಎಲ್ಲಿ ಇರುತ್ತಾನೆ ಅಂತ ವಿಚಾರಿಸಿ, ಪ್ಲಾನ್ ರೇಟ್ ಆಮೇಲೆ.

ಆನ್‌ಲೈನಿನಲ್ಲಿ ಸಿಗ್ನಲ್ ಬೂಸ್ಟರ್ ಸಿಗುತ್ತದಲ್ವಾ, ಯಾರಾದರೂ ಹಾಕಿಸಿದ್ದೀರಾ? ಔಟ್‌ಹೌಸಿಗೆ ಒಂದು ತರಿಸೋಣ ಅಂತ.

ಟವರ್_ಹತ್ತಿದವ

ಬೇಡ ಅಕ್ಕ. ಪರವಾನಗಿ ಇಲ್ಲದೆ ಬೂಸ್ಟರ್ ಇಟ್ಟುಕೊಳ್ಳುವುದೇ ಕಾನೂನಿಗೆ ವಿರುದ್ಧ. ಮಾರುವವರು ರಾಜಾರೋಷವಾಗಿ ಮಾರುತ್ತಾರೆ, ಸಿಕ್ಕಿಬೀಳುವುದು ಹಾಕಿಸಿದವರು. ನಿಮ್ಮದು ಕೆಟ್ಟ ಬೂಸ್ಟರ್ ಆದರೆ ಸುತ್ತಮುತ್ತಲಿನವರ ಸಿಗ್ನಲ್ಲೂ ಹಾಳಾಗುತ್ತದೆ. ಔಟ್‌ಹೌಸಿಗೆ ಇನ್ನೊಂದು ವೈಫೈ ರೌಟರ್ ಎಳೆಯಿರಿ, ಸಾಕು.

ಕುಟ್ಟ_ಗಡಿ

ನಮ್ಮ ಕಥೆ ಬೇರೆ. ಮನೆಯಲ್ಲಿ ಕೂತರೆ ಫೋನ್ ಕೇರಳದ ಟವರ್ ಹಿಡಿಯುತ್ತದೆ, ಗೇಟಿಗೆ ಬಂದರೆ ಕರ್ನಾಟಕ. ಎರಡರ ನಡುವೆ ಹುಡುಕಾಡಿ ಹುಡುಕಾಡಿ ಬ್ಯಾಟರಿ ಮಧ್ಯಾಹ್ನಕ್ಕೇ ಖಾಲಿ. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಆಟೋಮ್ಯಾಟಿಕ್ ತೆಗೆದು ಕೈಯಾರೆ ಆರಿಸಿದರೆ ಸ್ವಲ್ಪ ಪರವಾಗಿಲ್ಲ. 5ಜಿ ಕೂಡ ಆಫ್ ಮಾಡಿ 4ಜಿಗೆ ನಿಲ್ಲಿಸಿ, ತೋಟದ ಮನೆಗಳಲ್ಲಿ 5ಜಿ ಬರುತ್ತಾ ಹೋಗುತ್ತಾ ಇರುವುದೇ ಜಾಸ್ತಿ.

ತೋಟದಮನೆ_ಕಕ್ಕಬ್ಬೆ

ಎಲ್ಲರಿಗೂ ಥ್ಯಾಂಕ್ಸ್. ಗೋಣಿಕೊಪ್ಪ ಅಣ್ಣ ಹೇಳಿದ ಹಾಗೆ ಬೇರೆ ಎರಡು ಕಂಪನಿಯ ಸಿಮ್ ತಂದು ನೋಡುತ್ತಿದ್ದೇನೆ. ಒಂದು ಬರೀ ಮಾಳಿಗೆ ಮೇಲೆ. ಇನ್ನೊಂದು ಅಡುಗೆಮನೆವರೆಗೂ ಬರುತ್ತದೆ, ಅಮ್ಮ ಒಲೆ ಹತ್ತಿರ ನಿಂತು ವಿಡಿಯೋ ಕಾಲ್ ಮಾಡಿದರು. ಆದರೆ ಗೆರೆ ನಂಬಬಹುದಾ? ಒಂದೇ ಜಾಗದಲ್ಲಿ ಒಮ್ಮೆ ಒಂದು, ಒಮ್ಮೆ ಮೂರು ತೋರಿಸುತ್ತದೆ. ಇನ್ನೊಂದು, ತರಂಗ್ ಸಂಚಾರ್ ನೋಡಿದೆ. ಈಗಿರುವ ಕಂಪನಿಯೂ ಮಾಳಿಗೆ ಸಿಮ್ಮೂ ಒಂದೇ ಟವರ್. ಅಡುಗೆಮನೆಗೆ ಬರುವುದು ಎದುರು ದಿಣ್ಣೆಯದು.

ಟವರ್_ಹತ್ತಿದವ

ಗೆರೆ ಒಂದೊಂದು ಫೋನಿನಲ್ಲಿ ಒಂದೊಂದು ಲೆಕ್ಕ. ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್, ಅದರೊಳಗೆ ಸಿಮ್ ಸ್ಟೇಟಸ್ ಅಂತ ಇರುತ್ತದೆ. ಅಲ್ಲಿ ಮೈನಸ್ ನಂಬರ್ ಜೊತೆ ಡಿಬಿಎಂ ಅಂತ ಬರುತ್ತದೆ. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ಆರಾಮ. ಮೈನಸ್ 110 ಆದರೆ ಕಷ್ಟಪಟ್ಟು ನಡೆಯುತ್ತದೆ, 120ರ ಹತ್ತಿರ ಹೋದರೆ ಇದ್ದೂ ಇಲ್ಲದ ಹಾಗೆ. ಬೆಳಿಗ್ಗೆ ಒಮ್ಮೆ, ರಾತ್ರಿ ಎಂಟರ ಮೇಲೆ ಒಮ್ಮೆ ನೋಡಿ. ರಾತ್ರಿ ನಂಬರ್ ಅಷ್ಟೇ ಇದ್ದು ನೆಟ್ ಮಾತ್ರ ನಿಧಾನ ಆದರೆ, ಆ ಟವರಿನಲ್ಲಿ ಜನ ಜಾಸ್ತಿ ಅಂತ ಅರ್ಥ. ರಜೆ ದಿನ ಟೂರಿಸ್ಟ್ ಬಂದಾಗಲೂ ಹಾಗೇ ಆಗುತ್ತದೆ.

ಎದುರು ದಿಣ್ಣೆಯದಕ್ಕೆ ಪೋರ್ಟ್ ಮಾಡಿ, ಕಣ್ಣು ಮುಚ್ಚಿಕೊಂಡು. ಈ ಕಡೆ ಟವರಿನದು ಒಂದು ಎರಡನೇ ಸ್ಲಾಟಿನಲ್ಲಿ ಇರಲಿ.

ಶಾಂತಳ್ಳಿ_ಮೇಷ್ಟ್ರು

ಎರಡನೇ ಸಿಮ್ ಸುಮ್ನೆ ಹಾಕಿ ಮರೆತುಬಿಡಬೇಡಿ. 90 ದಿನ ಕಾಲ್, ಮೆಸೇಜ್, ಡೇಟಾ ಯಾವುದೂ ಬಳಸದಿದ್ದರೆ ನಂಬರ್ ಹೋಗಬಹುದು. ಪ್ರಿಪೇಯ್ಡ್ ಬ್ಯಾಲೆನ್ಸಿನಲ್ಲಿ 20 ರೂಪಾಯಿ ಇದ್ದರೆ ಅದನ್ನು ಹಿಡಿದುಕೊಂಡು ಇನ್ನೂ 30 ದಿನ ಉಳಿಸುತ್ತಾರೆ.

ತೋಟದಮನೆ_ಕಕ್ಕಬ್ಬೆ

ಅಡುಗೆಮನೆಯಲ್ಲಿ ಮೈನಸ್ 101, ಜಗಲಿಯಲ್ಲಿ 94. ನಿನ್ನೆ ಸಂಜೆಯಿಂದ ಕರೆಂಟ್ ಇರಲಿಲ್ಲ, ಈ ಕಡೆಯದು ರಾತ್ರಿಯೇ ಹೋಯಿತು, ಎದುರಿನದು ಬೆಳಿಗ್ಗೆ ಕೂಡ ಇತ್ತು. ಪೋರ್ಟ್ ಮಾಡಿಸುತ್ತೇನೆ. ಮೆಸೇಜ್ ಈಗಲೇ ಕಳಿಸಲಾ? ಆಧಾರ್ ಬಿಟ್ಟು ಇನ್ನೇನು ತರಬೇಕು? ಮತ್ತೆ ನಂಬರ್ ಎಷ್ಟು ಹೊತ್ತು ಬಂದ್ ಆಗುತ್ತದೆ? ಕೆಲಸದವರಿಗೆ ಪಟ್ಟಿ ದುಡ್ಡು, ಅಂದರೆ ಕೂಲಿ, ಹಾಕುವ ವಾರ ಇದು.

ಗೋಣಿಕೊಪ್ಪ_ರೀಚಾರ್ಜ್

ಈಗ ಕಳಿಸಬೇಡಿ, ಅಂಗಡಿಗೆ ಬಂದ ಮೇಲೆ ಕಳಿಸಿ. ಪೋರ್ಟ್ ಅಂತ ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ನಿಮ್ಮ ನಂಬರ್ ಹಾಕಿ 1900ಕ್ಕೆ. ಆ ಮೆಸೇಜ್ ಪೋರ್ಟ್ ಆಗಬೇಕಾದ ನಂಬರಿನಿಂದಲೇ ಹೋಗಬೇಕು. ಎಂಟು ಅಕ್ಷರದ ಕೋಡ್ ಬರುತ್ತದೆ, ಅದಕ್ಕೆ ನಾಲ್ಕೇ ದಿನ ಆಯುಸ್ಸು. ಮನೆಯಲ್ಲೇ ಕಳಿಸಿ, ಮಳೆ ಅಂತ ಐದು ದಿನ ಕೂತು, ಆಮೇಲೆ ಬಂದರೆ ಮತ್ತೆ ಮೊದಲಿಂದ. ಪೋಸ್ಟ್‌ಪೇಯ್ಡ್ ಆಗಿದ್ದರೆ ಬಿಲ್ ಪೂರ್ತಿ ಕಟ್ಟಿರಬೇಕು. ಪ್ರಿಪೇಯ್ಡ್ ಆದರೆ ಉಳಿದ ಬ್ಯಾಲೆನ್ಸ್ ಹೊಸ ಕಡೆಗೆ ಬರುವುದಿಲ್ಲ, ಅದಕ್ಕೆ ಪ್ಯಾಕ್ ಮುಗಿಯುವ ಹೊತ್ತಿಗೆ ಬನ್ನಿ. ಹಳೇ ಸಿಮ್ ಕಳೆದು ಇತ್ತೀಚೆಗೆ ಬೇರೆ ತೆಗೆದುಕೊಂಡಿದ್ದರೆ ಅದಾಗಿ ಏಳು ದಿನ ಕೋಡ್ ಬರುವುದಿಲ್ಲ, 2024ರ ಜುಲೈಯಿಂದ ಹಾಗೆ.

ಕರ್ನಾಟಕದೊಳಗೇ ಆದರೆ ಮೂರು ಕೆಲಸದ ದಿನ. ಅಲ್ಲಿವರೆಗೆ ಹಳೇ ಸಿಮ್ ನಡೆಯುತ್ತದೆ. ಬದಲಾಗುವ ರಾತ್ರಿ ಕೆಲವು ಗಂಟೆ ಎರಡೂ ಇರುವುದಿಲ್ಲ. ಪಟ್ಟಿ ದುಡ್ಡು ಮೊದಲು ಹಾಕಿ ಮುಗಿಸಿ, ಓಟಿಪಿ ಸಿಗದೆ ಆಮೇಲೆ ಕೆಲಸದವರ ಮುಂದೆ ನಿಲ್ಲುವುದು ಬೇಡ. ಆಧಾರ್ ಸಾಕು, ಆದರೆ ಸಿಮ್ ಯಾರ ಹೆಸರಿನಲ್ಲಿದೆಯೋ ಅವರೇ ಬರಬೇಕು. ನಿಮ್ಮ ನಂಬರ್ ಅಪ್ಪನ ಹೆಸರಿನಲ್ಲಿ ಇಲ್ಲ ತಾನೇ? ಅರ್ಧ ಜನರದ್ದು ಹಾಗೇ ಇರುತ್ತದೆ.

ತೋಟದಮನೆ_ಕಕ್ಕಬ್ಬೆ

ಅಪ್ಪನ ಹೆಸರಿನಲ್ಲೇ ಇದೆ 🙏 ಕರೆದುಕೊಂಡು ಬರುತ್ತೇನೆ.

ಗೋಣಿಕೊಪ್ಪ_ರೀಚಾರ್ಜ್

ಹಾಗಾದರೆ ಅವರ ಕೀಪ್ಯಾಡ್ ಫೋನ್ ಕೂಡ ತನ್ನಿ, ಮಾತಿನ ಪ್ಯಾಕ್ ಅಲ್ಲೇ ಹಾಕಿಕೊಡುತ್ತೇನೆ. ಸಂತೆ ದಿನ ಬೇಡ, ಆವತ್ತು ಜಾಸ್ತಿ ರಷ್.