ನಾಲ್ಕಿಂಚಿನ ಗ್ರೈಂಡರಿಗೆ ಮರ ಕೊಯ್ಯುವ ಬ್ಲೇಡು ಹಾಕಬಹುದೇ?

ಪೆರ್ಲದ ತೋಟ ಕೇಳಿದ್ದು:

ಅಡಿಕೆ ಒಣಗಿಸಲು ಅಂಗಳದ ಬದಿಯಲ್ಲಿ ಸೋಲಾರ್ ಗೂಡು ಕಟ್ಟಬೇಕೆಂದಿದ್ದೇನೆ. ಕಂಬಗಳಿಗೆ 2 ಇಂಚಿನ ಚೌಕ ಜಿಐ ಪೈಪು, 2 ಮಿಲಿಮೀಟರ್ ದಪ್ಪದ್ದು. ಬುಡದಲ್ಲಿ ಸುತ್ತ ಮುರಕಲ್ಲಿನ (ಕೆಂಪುಕಲ್ಲಿನ) ಒಂದು ಸಾಲು. ಒಳಗಿನ ಅಟ್ಟಕ್ಕೆ ಹಳೇ ಹಟ್ಟಿಯ ಮಾಡಿನಿಂದ ಬಿಚ್ಚಿದ ಹಲಸಿನ ಪಕ್ಕಾಸು (ಮಾಡಿನ ಮರದ ಪಟ್ಟಿಗಳು) ಇದೆ, ಅವನ್ನು ಅಳತೆಗೆ ತುಂಡು ಮಾಡಬೇಕು. ಕೈಯಲ್ಲಿರುವುದು 4 ಇಂಚಿನ 850 ವಾಟ್ ಗ್ರೈಂಡರ್ ಒಂದೇ, 11,000 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು).

ಕಬ್ಬಿಣಕ್ಕೆ ಒಂದು, ಕಲ್ಲಿಗೆ ಒಂದು, ಮರಕ್ಕೆ ಒಂದು ಬ್ಲೇಡು ಹಾಕಿದರೆ ಮೂರೂ ಕೆಲಸ ಇದರಲ್ಲೇ ಆಗುತ್ತದೆ ಎಂದು ಅಂಗಡಿಯಲ್ಲಿ ಹೇಳಿದರು. ಮರದ್ದು 40 ಹಲ್ಲಿನ ಬ್ಲೇಡು, ತೂತು ದೊಡ್ಡದು, ನಡುವೆ ರಿಂಗ್ ಹಾಕಿ ಕೂರಿಸಬೇಕಂತೆ. 5 ಇಂಚಿನ ಬ್ಲೇಡಾದರೆ ಬ್ಲೇಡಿಗೆ ಮರೆಯಾಗಿರುವ ಗಾರ್ಡು ತೆಗೆಯಬೇಕಂತೆ. ಇದು ಸರಿಯೇ? ಕೆಲಸದ ಜಾಗಕ್ಕೆ ಮನೆಯಿಂದ 30 ಮೀಟರ್ ವಯರ್ ಎಳೆಯಬೇಕು. ಗ್ರೈಂಡರಿನ ಪ್ಲಗ್ಗಿಗೆ ಎರಡೇ ಪಿನ್ನು, ಅರ್ತ್ ಇಲ್ಲ. ಅದರಿಂದ ತೊಂದರೆ ಇದೆಯೇ? ತಿಳಿದವರು ಹೇಳಿ.

---

ಮುಳ್ಳೇರಿಯ ವೆಲ್ಡಿಂಗ್ ಶಾಪ್ ಉತ್ತರ:

ಕಬ್ಬಿಣ ಆಗುತ್ತದೆ, ಕಲ್ಲು ಆಗುತ್ತದೆ, ಮರ ಬೇಡ. ಇದರಲ್ಲಿ ರಾಜಿ ಮಾಡಿಕೊಳ್ಳಬೇಡಿ.

ಕಬ್ಬಿಣ ಕೊಯ್ಯುವ ಡಿಸ್ಕಿಗೆ ಹಲ್ಲಿಲ್ಲ. ಅದು ಕಬ್ಬಿಣವನ್ನು ಉಜ್ಜಿ ಪುಡಿ ಮಾಡುತ್ತಾ ಹೋಗುತ್ತದೆ. ಮರದ ಬ್ಲೇಡಿನ ಒಂದೊಂದು ಹಲ್ಲೂ ಮರವನ್ನು ಕಚ್ಚಿ ಎಳೆಯುತ್ತದೆ. 11,000 ಆರ್‌ಪಿಎಂನಲ್ಲಿ 40 ಹಲ್ಲೆಂದರೆ ಸೆಕೆಂಡಿಗೆ 7,000ಕ್ಕೂ ಹೆಚ್ಚು ಕಚ್ಚು. ಹಲಸಿನ ಗಂಟಿಗೋ ಒಳಗೆ ಮುರಿದು ಉಳಿದ ಆಣಿಗೋ ಒಂದು ಹಲ್ಲು ಸಿಕ್ಕಿಕೊಂಡಿತೆಂದರೆ ಬ್ಲೇಡು ನಿಲ್ಲುತ್ತದೆ, ಅಷ್ಟೂ ವೇಗ ಯಂತ್ರದ ಮೈಗೆ ಬಂದು ಗ್ರೈಂಡರ್ ಒದ್ದುಕೊಂಡು ಹಾರುತ್ತದೆ. ಹೆಚ್ಚಾಗಿ ಹಾರುವುದು ಹಿಡಿದವನ ಕಡೆಗೇ: ಕೈ, ತೊಡೆ, ಕುತ್ತಿಗೆ. ಕೈಯಲ್ಲಿ ಬಲವಿದ್ದರೆ ತಡೆಯಬಹುದು ಎಂದು ಕೆಲವರು ಹೇಳುತ್ತಾರೆ. ನಡೆದದ್ದು ಗೊತ್ತಾಗುವ ಮೊದಲೇ ಎಲ್ಲ ಮುಗಿದಿರುತ್ತದೆ, ಬಲ ಹಾಕಲು ಸಮಯವೇ ಸಿಗುವುದಿಲ್ಲ.

ಮರ ಕೊಯ್ಯುವ ಸರ್ಕ್ಯುಲರ್ ಸಾ ನೋಡಿ. 7 ಇಂಚಿನ ಬ್ಲೇಡು, ವೇಗ ಇದರ ಅರ್ಧ, 5,000 ಆಸುಪಾಸು. ಕೆಳಗಿನ ಅಗಲ ತಟ್ಟೆ ಮರದ ಮೇಲೆ ಕೂರುವುದರಿಂದ ಬ್ಲೇಡು ಓರೆಯಾಗುವುದಿಲ್ಲ. ಮರದಿಂದ ಎತ್ತಿದ ಕೂಡಲೇ ಸ್ಪ್ರಿಂಗಿನ ಗಾರ್ಡು ಬಂದು ಹಲ್ಲು ಮುಚ್ಚುತ್ತದೆ. ಕೈಬಿಟ್ಟರೆ ಸ್ವಿಚ್ಚು ತಾನೇ ಆಫ್. ಗ್ರೈಂಡರಿನಲ್ಲಿ ತಟ್ಟೆಯೂ ಇಲ್ಲ, ತಾನೇ ಮುಚ್ಚುವ ಗಾರ್ಡೂ ಇಲ್ಲ. ಮುಂದೆ ತಳ್ಳುವ ಸ್ವಿಚ್ಚಿನದ್ದಾದರೆ ಕೈಬಿಟ್ಟರೂ ತಿರುಗುತ್ತಲೇ ಇರುತ್ತದೆ. ಮಾರ್ಬಲ್ ಕಟ್ಟರಿಗೆ ಮರದ ಬ್ಲೇಡು ಹಾಕುವವರೂ ಇದ್ದಾರೆ. ಅದಕ್ಕೆ ತಟ್ಟೆ ಇದೆ, ಮುಚ್ಚುವ ಗಾರ್ಡಿಲ್ಲ, ವೇಗ ಇನ್ನೂ ಹೆಚ್ಚು. ಅದೂ ಬೇಡ.

ರಿಂಗ್ ಹಾಕಿ ಕೂರಿಸುವುದರಲ್ಲಿ ಇನ್ನೊಂದು ದೋಷವಿದೆ. 4 ಇಂಚಿನ ಗ್ರೈಂಡರಿಗೆ ಬೇಕಾದದ್ದು 16 ಮಿಲಿಮೀಟರ್ ತೂತು. 20ರ ತೂತಿಗೆ ಸಡಿಲ ರಿಂಗ್ ತುರುಕಿದರೆ ಬ್ಲೇಡು ನಡುಮಧ್ಯಕ್ಕೆ ಕೂರುವುದಿಲ್ಲ, ಕಂಪನ ಬರುತ್ತದೆ, ನಟ್ಟು ಸಡಿಲವಾಗುತ್ತದೆ. 5 ಇಂಚಿಗಾಗಿ ಗಾರ್ಡು ತೆಗೆಯುವ ಮಾತು ಬಿಟ್ಟುಬಿಡಿ. 100 ಮಿಲಿಮೀಟರ್ ಡಿಸ್ಕಿನ ಅಂಚು 11,000 ಆರ್‌ಪಿಎಂನಲ್ಲಿ ಗಂಟೆಗೆ 200 ಕಿಲೋಮೀಟರಿಗಿಂತ ವೇಗವಾಗಿ ಓಡುತ್ತದೆ. ಒಡೆದ ಚೂರು ಅದೇ ವೇಗದಲ್ಲಿ ಬರುತ್ತದೆ. ಅದಕ್ಕೂ ನಿಮ್ಮ ಮುಖಕ್ಕೂ ನಡುವೆ ಇರುವುದು ಆ ಗಾರ್ಡು ಮಾತ್ರ.

ಹತ್ತಿಪ್ಪತ್ತು ಪಕ್ಕಾಸಾದರೆ ಒಳ್ಳೆಯ ಕೈಗರಗಸ ಸಾಕು. ಹೆಚ್ಚಿದ್ದರೆ ಸರ್ಕ್ಯುಲರ್ ಸಾ ಬಾಡಿಗೆಗೆ ತನ್ನಿ. ಯಾವುದರಲ್ಲಿ ಕೊಯ್ದರೂ ಮೊದಲು ಆಣಿ ಹುಡುಕಿ. ಸ್ಪೀಕರಿನ ಹಳೇ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಮರದ ಮೇಲೆ ಎಳೆದರೆ, ಮೇಲ್ಭಾಗದಲ್ಲಿ ಹುದುಗಿರುವ ಆಣಿ ಇದ್ದಲ್ಲಿ ತಡೆದು ನಿಲ್ಲುತ್ತದೆ.

ಇನ್ನು ಪೈಪು. 4 ಇಂಚಿನ ಡಿಸ್ಕು ಒಂದು ಇಂಚಿನಷ್ಟೇ ಆಳಕ್ಕೆ ಇಳಿಯುತ್ತದೆ. 2 ಇಂಚಿನ ಪೈಪನ್ನು ಒಂದೇ ಬದಿಯಿಂದ ದಾಟಿಸಲು ಒತ್ತಬೇಡಿ. ಮಟ್ಟಗೋಲಿನಿಂದ ನಾಲ್ಕೂ ಮುಖಕ್ಕೆ ಗೆರೆ ಎಳೆದು, ಪೈಪು ತಿರುಗಿಸುತ್ತಾ ಒಂದೊಂದೇ ಮುಖ ಕೊಯ್ಯಿರಿ. 1 ಅಥವಾ 1.2 ಮಿಲಿಮೀಟರಿನ ತೆಳು ಡಿಸ್ಕು ಸಾಕು.

ಹೆಚ್ಚಿನವರು ತಪ್ಪುವುದು ಪೈಪು ಇಡುವುದರಲ್ಲಿ. ಎರಡು ತುದಿಗೆ ಎರಡು ಕಲ್ಲು ಕೊಟ್ಟು ನಡುವೆ ಕೊಯ್ದರೆ ಕೊನೆಗೆ ಪೈಪು ನಡುವಿನಲ್ಲಿ ತಗ್ಗಿ, ಸೀಳು ಮುಚ್ಚಿಕೊಂಡು ಡಿಸ್ಕನ್ನು ಹಿಸುಕುತ್ತದೆ. ಡಿಸ್ಕು ಚೂರಾಗುವುದು, ಯಂತ್ರ ಒದೆಯುವುದು ಹೆಚ್ಚಾಗಿ ಆಗಲೇ. ಉಳಿಸಿಕೊಳ್ಳುವ ಭಾಗವನ್ನು ಕೊಯ್ಯುವ ಗೆರೆಯ ಹತ್ತಿರವೇ ಕ್ಲ್ಯಾಂಪಿನಲ್ಲಿ ಬಿಗಿಯಿರಿ, ತುಂಡಾಗುವ ಭಾಗ ಹೊರಗೆ ಚಾಚಿರಲಿ. ಆಗ ಕೊಯ್ದ ಹಾಗೆ ಸೀಳು ತಾನೇ ಅಗಲವಾಗುತ್ತದೆ. ಕಾಲಿನಲ್ಲಿ ಮೆಟ್ಟಿ ಹಿಡಿದು ಕೊಯ್ಯುವ ಅಭ್ಯಾಸ ನಮ್ಮ ಕಡೆ ಎಲ್ಲೆಲ್ಲೂ ಇದೆ, ದಯವಿಟ್ಟು ಬೇಡ.

---

ಕುಂಬಳೆ ವಯರ್‌ಮನ್ ಉತ್ತರ:

ಎರಡು ಪಿನ್ನಿನ ಬಗ್ಗೆ: ಯಂತ್ರದ ತಗಡಿನ ಮೇಲೆ ಒಂದು ಚೌಕದೊಳಗೆ ಇನ್ನೊಂದು ಚೌಕದ ಗುರುತು ಇದೆಯೇ ನೋಡಿ. ಇದ್ದರೆ ಅದು ಡಬಲ್ ಇನ್ಸುಲೇಶನ್ (ಕರೆಂಟು ಹೊರಮೈಗೆ ಬರದಂತೆ ಎರಡು ಪದರದ ತಡೆ), ಅರ್ತ್ ಬೇಡ. ಗುರುತಿಲ್ಲದ ಹಳೇ ಲೋಹದ ಮೈಯ ಡ್ರಿಲ್ಲಿಗೆ ಮೂರನೇ ಪಿನ್ನು ಬೇಕೇ ಬೇಕು. ಡಬಲ್ ಇನ್ಸುಲೇಶನ್ ಇದ್ದರೂ ಮಳೆನೀರು ಒಳಗೆ ಹೋದರೆ, ಇಲ್ಲವೇ ಗಾಳಿಯ ಕಿಂಡಿಯಲ್ಲಿ ಕಬ್ಬಿಣದ ಪುಡಿ ಕೂತರೆ ಅದನ್ನು ನಂಬುವಂತಿಲ್ಲ. ದಿನದ ಕೆಲಸ ಮುಗಿದ ಮೇಲೆ ಪ್ಲಗ್ಗು ಕಿತ್ತು ಬ್ಲೋವರಿನಿಂದ ಕಿಂಡಿ ಊದಿ.

ಮನೆಯ ಮೈನ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್ಚು) ಇರಬೇಕು. ಅದರ ಮೇಲಿರುವ ಟೆಸ್ಟ್ ಗುಂಡಿ ಒತ್ತಿ, ಕೂಡಲೇ ಟ್ರಿಪ್ ಆಗಬೇಕು. ಆಗದಿದ್ದರೆ ಬದಲಾಯಿಸಿದ ಮೇಲೆಯೇ ಕೆಲಸ ಶುರು ಮಾಡಿ. ಸಿಡಿಲಿಗೆ ಪದೇ ಪದೇ ಬೀಳುತ್ತದೆ ಎಂದು ಮಳೆಗಾಲದಲ್ಲಿ ಅದನ್ನು ತಪ್ಪಿಸಿ ನೇರ ಕನೆಕ್ಷನ್ ಕೊಟ್ಟ ಮನೆಗಳಿವೆ. ನಿಮ್ಮಲ್ಲಿ ಹಾಗಿದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಫ್ಯೂಸು, ಎಂಸಿಬಿ ಉಳಿಸುವುದು ವಯರನ್ನು. ಶಾಕಿನಿಂದ ಮನುಷ್ಯನನ್ನು ಉಳಿಸುವುದು ಆರ್‌ಸಿಸಿಬಿ.

850 ವಾಟ್ ಎಂದರೆ 4 ಆಂಪಿಯರಿನೊಳಗೆ. 30 ಮೀಟರಿಗೆ 1.5 ಚದರ ಮಿಲಿಮೀಟರಿನ ಮೂರು ಕೋರಿನ ತಾಮ್ರದ ವಯರ್ ಸಾಕು. ಮುಂದೆ ಪೈಪು ಕೊಯ್ಯುವ 14 ಇಂಚಿನ ಚಾಪ್ ಸಾ ಯಂತ್ರ ತರುವುದಾದರೆ 2.5 ತೆಗೆದುಕೊಳ್ಳಿ, 16 ಆಂಪಿಯರ್ ಪ್ಲಗ್ಗಿಗೇ ಹಾಕಿ. ಸುರುಳಿ ವಯರಾದರೆ ಪೂರ್ತಿ ಬಿಚ್ಚಿ. ಸುತ್ತಿಟ್ಟ ಹಾಗೇ ಲೋಡ್ ಕೊಟ್ಟರೆ ಒಳಗಿನ ಸುತ್ತುಗಳು ಬಿಸಿಯಾಗಿ ಕರಗುತ್ತವೆ. ಜಾಯಿಂಟಿಗೆ ಟೇಪು ಸುತ್ತಿ ಅಂಗಳದ ಕೆಸರಿನಲ್ಲಿ ಬಿಡಬೇಡಿ. ಲೈನಿನ ಕೊನೆಯ ಮನೆಗಳಲ್ಲಿ ಸಂಜೆ ವೋಲ್ಟೇಜ್ ಇಳಿಯುತ್ತದೆ. ಆಗ ವೇಗ ಕಡಿಮೆಯಾಯಿತೆಂದು ಹೆಚ್ಚು ಒತ್ತುತ್ತೀರಿ, ಮೋಟಾರು ಸುಡುತ್ತದೆ, ಡಿಸ್ಕೂ ಸಿಕ್ಕಿಕೊಳ್ಳುತ್ತದೆ. ಹಗಲೇ ಮಾಡಿ.

ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಕೊಯ್ಯುವಾಗ ಕರೆಂಟು ಹೋಯಿತೆಂದಿಟ್ಟುಕೊಳ್ಳಿ. ತಳ್ಳುವ ಸ್ವಿಚ್ಚು ಆನ್‌ನಲ್ಲೇ ಇರುತ್ತದೆ. ಗ್ರೈಂಡರನ್ನು ನೆಲದಲ್ಲಿಟ್ಟು ಚಹಾಕ್ಕೆ ಹೋಗುತ್ತೀರಿ. ಕರೆಂಟು ಬಂದ ಕೂಡಲೇ ಅದು ನೆಲದಲ್ಲೇ ತಿರುಗಿ ಓಡುತ್ತದೆ, ಅಂಗಳದಲ್ಲಿ ಮಕ್ಕಳಿರುತ್ತಾರೆ. ಕರೆಂಟು ಹೋದರೆ ಮೊದಲು ಸ್ವಿಚ್ಚು ಆಫ್, ಆಮೇಲೆ ಪ್ಲಗ್ಗು ಹೊರಗೆ. ಹೊಸತು ಕೊಳ್ಳುವುದಾದರೆ ಹಿಡಿದಿದ್ದಾಗ ಮಾತ್ರ ಓಡುವ ಪ್ಯಾಡಲ್ ಸ್ವಿಚ್ಚಿನದ್ದನ್ನು ಕೇಳಿ ತೆಗೆದುಕೊಳ್ಳಿ.

---

ಬದಿಯಡ್ಕ ಕಲ್ಲುಕೆಲಸ ಉತ್ತರ:

ಮುರಕಲ್ಲಿಗೆ ಡೈಮಂಡ್ ಬ್ಲೇಡು, ಅಂಚಿನಲ್ಲಿ ಸೀಳು ಇರುವಂಥದ್ದು. ಬ್ಲೇಡಿನ ಮೇಲಿನ ಬಾಣದ ಗುರುತು ಗ್ರೈಂಡರ್ ತಿರುಗುವ ದಿಕ್ಕಿಗೇ ಇರಬೇಕು. ಒಂದೇ ಸಲ ಆಳಕ್ಕೆ ಇಳಿಸಬೇಡಿ, ಅರ್ಧ ಇಂಚಿನಂತೆ ಇಳಿಸಿ, ನಡುನಡುವೆ ಹೊರತೆಗೆದು ಗಾಳಿಯಲ್ಲಿ ಓಡಿಸಿ ತಣಿಸಿ. ಬಿಸಿಯಾದರೆ ಅಂಚಿನ ತುಂಡುಗಳು ಬಿಟ್ಟುಕೊಂಡು ಹಾರುತ್ತವೆ. ಇಡೀ ಕಲ್ಲನ್ನು ದಾಟಿಸುವುದು ಬೇಡವೇ ಬೇಡ. ಸುತ್ತ ಒಂದು ಇಂಚು ಗೀರಿ, ಉಳಿ ಇಟ್ಟು ಹೊಡೆದರೆ ಗೆರೆಯಲ್ಲೇ ಬಿಡುತ್ತದೆ.

ಧೂಳಿನ ವಿಷಯ ಗಂಭೀರ. ಕೆಂಪು ಬಣ್ಣ ಕೊಡುವುದು ಕಬ್ಬಿಣದ ಅಂಶ, ಆದರೆ ಅದರ ಜೊತೆ ಸಿಲಿಕಾ ಕೂಡ ಇದೆ. ಕಗ್ಗಲ್ಲಿನಲ್ಲಿ ಇನ್ನೂ ಹೆಚ್ಚು. ಶ್ವಾಸಕೋಶಕ್ಕೆ ಹೋದ ಆ ನುಣುಪು ಧೂಳು ಹೊರಗೆ ಬರುವುದಿಲ್ಲ, ವರ್ಷಗಟ್ಟಲೆ ಅದನ್ನು ಉಸಿರಾಡಿದವರಿಗೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ಬರುತ್ತದೆ, ಅದಕ್ಕೆ ಗುಣಪಡಿಸುವ ಮದ್ದಿಲ್ಲ. ಬೈರಾಸು (ಟವೆಲು) ಮೂಗಿಗೆ ಕಟ್ಟಿದರೆ ದಪ್ಪ ಮಣ್ಣು ಮಾತ್ರ ನಿಲ್ಲುತ್ತದೆ. ಎನ್95 ಮಾಸ್ಕ್ ಬೇಕು, ಮೂಗಿನ ತಂತಿ ಒತ್ತಿ ಕೂರಿಸಿ. ದಟ್ಟ ಗಡ್ಡವಿದ್ದರೆ ಅಂಚಿನಲ್ಲಿ ಸಂದು ಉಳಿಯುತ್ತದೆ. ಕಲ್ಲುಗಳನ್ನು ಹಿಂದಿನ ರಾತ್ರಿಯೇ ಚೆನ್ನಾಗಿ ನೆನೆಸಿಟ್ಟರೆ ಧೂಳು ಬಹಳ ಕಡಿಮೆ. ಕೊಯ್ಯುವಾಗ ಪೈಪು ಹಿಡಿದು ನೀರು ಬಿಡುವುದು ಮಾತ್ರ ಕರೆಂಟಿನ ಗ್ರೈಂಡರಿಗೆ ಬೇಡ. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ.

---

ಪೆರ್ಲದ ತೋಟ:

ಎಲ್ಲರಿಗೂ ಉಪಕಾರ. ಪಕ್ಕಾಸಿಗೆ ಕೈಗರಗಸವೇ ಆಗಲಿ. ಕಳೆದ ಮಳೆಗಾಲದ ಮೊದಲು ತಂದ ಕಟ್ಟಿಂಗ್ ಡಿಸ್ಕುಗಳು ಅರ್ಧ ಪೆಟ್ಟಿಗೆ ಉಳಿದಿವೆ, ಅವನ್ನು ಬಳಸಬಹುದೇ? ಗ್ಲೌಸ್ ಹಾಕಬಾರದು ಎಂದು ಒಬ್ಬರು, ಹಾಕಲೇಬೇಕು ಎಂದು ಒಬ್ಬರು ಹೇಳುತ್ತಾರೆ. ಮತ್ತೊಂದು, ಮೋಡ ಇರುವ ದಿನಕ್ಕೆ ಗೂಡಿನ ಹೊರಗೊಂದು ಒಲೆ ಮಾಡಲು ಹಳೇ ಟಾರಿನ ಡ್ರಮ್ಮು ಸಿಕ್ಕಿದೆ. ಅದರ ಮುಚ್ಚಳ ಇದೇ ಗ್ರೈಂಡರಿನಲ್ಲಿ ಕೊಯ್ಯಬಹುದಲ್ಲ?

---

ಮುಳ್ಳೇರಿಯ ವೆಲ್ಡಿಂಗ್ ಶಾಪ್:

ಡಿಸ್ಕಿನ ನಡುವಿನ ಲೋಹದ ಬಳೆಯನ್ನು ಬೆಳಕಿಗೆ ಹಿಡಿದು ನೋಡಿ, ತಿಂಗಳು ಮತ್ತು ವರ್ಷ ಒತ್ತಿರುತ್ತದೆ. ಅದು ಬಳಕೆಯ ಕೊನೆಯ ದಿನ, ತಯಾರಾದಲ್ಲಿಂದ ಹೆಚ್ಚೆಂದರೆ 3 ವರ್ಷ. ಆ ಡಿಸ್ಕಿನಲ್ಲಿ ಹರಳನ್ನು ಹಿಡಿದಿಟ್ಟಿರುವುದು ರಾಳದ ಅಂಟು, ತೇವ ಹೀರಿದರೆ ಅದು ದುರ್ಬಲವಾಗುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಊರಿನಲ್ಲಿ ಹಟ್ಟಿಯ ಮೂಲೆಯಲ್ಲಿಟ್ಟ ಡಿಸ್ಕನ್ನು ದಿನಾಂಕ ಉಳಿದಿದ್ದರೂ ನಾನು ನಂಬುವುದಿಲ್ಲ. ಒಣಗಿದ ಕಡೆ, ಮುಚ್ಚಳದ ಡಬ್ಬದಲ್ಲಿ, ಅಡ್ಡಲಾಗಿ ಮಲಗಿಸಿ ಇಟ್ಟಿದ್ದರೆ ಸರಿ. ಬಗ್ಗಿದ್ದರೆ, ಅಂಚು ಕಿತ್ತಿದ್ದರೆ, ಒಮ್ಮೆ ನೆಲಕ್ಕೆ ಬಿದ್ದಿದ್ದರೂ ಮುರಿದು ಎಸೆಯಿರಿ, ಇನ್ನೊಬ್ಬರು ಹೆಕ್ಕಿ ಬಳಸುವ ಹಾಗೆ ಬಿಡಬೇಡಿ. ಬೆರಳಲ್ಲಿ ತಟ್ಟಿ ಶಬ್ದ ಕೇಳುವ ಪರೀಕ್ಷೆ ಬೆಂಚ್ ಗ್ರೈಂಡರಿನ ದಪ್ಪ ಕಲ್ಲಿಗೆ, ಈ ತೆಳು ಡಿಸ್ಕಿಗಲ್ಲ.

ಹೊಸ ಡಿಸ್ಕು ಹಾಕುವಾಗ ಪ್ಲಗ್ಗು ಹೊರಗಿರಲಿ. ಡಿಸ್ಕಿನಲ್ಲಿ ಬರೆದ ಆರ್‌ಪಿಎಂ ಯಂತ್ರದ್ದಕ್ಕಿಂತ ಹೆಚ್ಚಿರಬೇಕು, 100 ಮಿಲಿಮೀಟರಿನದರಲ್ಲಿ ಸಾಮಾನ್ಯವಾಗಿ 15,000ದ ಮೇಲಿರುತ್ತದೆ. ಬಿಗಿದ ಮೇಲೆ ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಯಾರೂ ಎದುರಿಲ್ಲದ ಕಡೆಗೆ ಹಿಡಿದು ಒಂದು ನಿಮಿಷ ಖಾಲಿ ಓಡಿಸಿ. ಒಡೆಯುವಂಥ ಡಿಸ್ಕು ಹೆಚ್ಚಾಗಿ ಆಗಲೇ ಒಡೆಯುತ್ತದೆ. ತೆಳು ಡಿಸ್ಕಿನ ಬದಿಯಿಂದ ವೆಲ್ಡಿಂಗ್ ಉಜ್ಜಬೇಡಿ, ಅದಕ್ಕೆ 6 ಮಿಲಿಮೀಟರಿನ ಗ್ರೈಂಡಿಂಗ್ ಡಿಸ್ಕೇ ಬೇರೆ.

ಗ್ಲೌಸಿನ ಬಗ್ಗೆ ಇಬ್ಬರ ಮಾತೂ ಅರ್ಧ ಸರಿ. ನೂಲಿನ ಸಡಿಲ ಗ್ಲೌಸ್ ಎಳೆ ಬಿಟ್ಟು ಸುತ್ತಿಕೊಳ್ಳುತ್ತದೆ, ಅದು ಅಪಾಯ. ಕೈಗೆ ಸರಿಯಾಗಿ ಕೂರುವ ಚರ್ಮದ್ದಾದರೆ ಹಾಕಿ. ಲುಂಗಿ, ಹೆಗಲಿನ ಬೈರಾಸು, ಹವಾಯಿ ಚಪ್ಪಲಿ ಬೇಡ. ಲುಂಗಿ ಎತ್ತಿ ಕಟ್ಟಿದರೂ ಬಗ್ಗಿದಾಗ ತುದಿ ಡಿಸ್ಕಿನ ಹತ್ತಿರವೇ ಬರುತ್ತದೆ. ಮುಖಕ್ಕೆ ಶೀಲ್ಡ್, ಅದರೊಳಗೆ ಕನ್ನಡಕ. ಪಕ್ಕದ ಹಿಡಿ ಕಳಚಬೇಡಿ, ಎರಡೂ ಕೈ ಯಂತ್ರದ ಮೇಲಿರಲಿ, ತಲೆ ಡಿಸ್ಕಿನ ನೇರಕ್ಕೆ ಬೇಡ.

ಕಿಡಿ ಹಾರುವ ಕಡೆ ಸೋಗೆ, ಬೈಹುಲ್ಲು, ಅಡಿಕೆ ಸಿಪ್ಪೆ ಇರಬಾರದು. ಸಿಪ್ಪೆಯ ರಾಶಿ ಹೊಗೆ ಕಾಣಿಸದೆ ಒಳಗೊಳಗೇ ಉರಿಯುತ್ತದೆ. ಕೆಲಸ ನಿಲ್ಲಿಸಿ ಅರ್ಧ ಗಂಟೆಯ ಮೇಲೆ ಮತ್ತೊಮ್ಮೆ ಬಂದು ನೋಡಿ.

ಡ್ರಮ್ಮನ್ನು ಮುಟ್ಟಬೇಡಿ. ಟಾರು, ಎಣ್ಣೆ, ತಿನ್ನರ್ ಇದ್ದ ಡ್ರಮ್ಮಿನ ಮಡಿಕೆಗಳಲ್ಲಿ ಅಂಟಿದ್ದು ತೊಳೆದರೂ ಹೋಗುವುದಿಲ್ಲ. ಡಿಸ್ಕಿನ ಬಿಸಿಗೆ ಅದು ಆವಿಯಾಗಿ ಒಳಗಿನ ಗಾಳಿಯ ಜೊತೆ ಸೇರುತ್ತದೆ, ಅದೇ ಡಿಸ್ಕಿನ ಕಿಡಿ ಬೆಂಕಿ ಹಚ್ಚುತ್ತದೆ. ಮುಚ್ಚಳ ಸಿಡಿದು ಹೊಡೆದರೆ ಬದುಕುವುದು ಕಷ್ಟ. ಬಿರಡೆ ತೆಗೆದಿಟ್ಟರೆ ಸಾಕು ಎಂಬ ಮಾತನ್ನು ನಂಬಬೇಡಿ. ಮುಚ್ಚಳ ಮೊದಲೇ ತೆಗೆದ ಡ್ರಮ್ಮು ಗುಜರಿಯಲ್ಲಿ ಕೇಳಿ, ಇಲ್ಲವಾದರೆ ಒಲೆಯನ್ನು ಮುರಕಲ್ಲಿನಲ್ಲೇ ಕಟ್ಟಿ.

---

ಮಂಜೇಶ್ವರ ಕ್ಯಾಶುವಾಲಿಟಿ ಉತ್ತರ:

ಕೆಲಸದ ಜಾಗದಲ್ಲಿ ತೊಳೆದು ಒಣಗಿಸಿದ ದಪ್ಪ ಬಟ್ಟೆ, ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ, ಎರಡು ಪ್ಲಾಸ್ಟಿಕ್ ತೊಟ್ಟೆ (ಚೀಲ) ಇಟ್ಟುಕೊಳ್ಳಿ. ಗಾಯವಾದರೆ ಬಟ್ಟೆಯನ್ನು ಅದರ ಮೇಲೆಯೇ ಒತ್ತಿ ಹಿಡಿಯಿರಿ, ನೋಡಲೆಂದು ಮತ್ತೆ ಮತ್ತೆ ಬಿಡಿಸಬೇಡಿ. ಕಾಫಿ ಪುಡಿ, ಅರಸಿನ ಹಾಕಬೇಡಿ. ಬೆರಳು ತುಂಡಾಗಿ ಬಿದ್ದರೆ ಅದನ್ನು ಒದ್ದೆ ಗಾಜ್ ಬಟ್ಟೆಯಲ್ಲಿ ಸುತ್ತಿ, ತೊಟ್ಟೆಯಲ್ಲಿಟ್ಟು ಬಾಯಿ ಬಿಗಿದು, ಆ ತೊಟ್ಟೆಯನ್ನು ಐಸ್ ಹಾಕಿದ ನೀರಿನಲ್ಲಿಡಿ. ಐಸ್ ನೇರವಾಗಿ ತಾಗಿದರೆ ಮಾಂಸ ಸತ್ತು ಜೋಡಿಸಲು ಬರುವುದಿಲ್ಲ. 108ಕ್ಕೆ ಕರೆ ಮಾಡುವಾಗಲೇ ಬೆರಳು ತುಂಡಾಗಿದೆ ಎಂದು ಹೇಳಿ, ಜೋಡಿಸುವ ವ್ಯವಸ್ಥೆ ಇರುವ ಕಡೆಗೇ ನೇರ ಹೋಗಬೇಕಾಗುತ್ತದೆ.

ಕಣ್ಣಿಗೆ ಕಿಡಿ ಬಿದ್ದರೆ ಉಜ್ಜಬೇಡಿ, ಬೆಂಕಿಕಡ್ಡಿಯಲ್ಲಿ ತೆಗೆಯಬೇಡಿ. ನೋವು ಕಡಿಮೆಯಾಯಿತೆಂದು ಮರುದಿನಕ್ಕೆ ಇಡುವುದೂ ಬೇಡ. ಕರಿಗುಡ್ಡೆಯ ಮೇಲೆ ಕೂತ ಕಬ್ಬಿಣದ ಚೂರು ಕೆಲವೇ ಗಂಟೆಗಳಲ್ಲಿ ಸುತ್ತ ತುಕ್ಕಿನ ಬಳೆ ಬಿಡುತ್ತದೆ, ಆಮೇಲೆ ಚೂರಿನ ಜೊತೆ ಅದನ್ನೂ ಕೆರೆದು ತೆಗೆಯಬೇಕಾಗುತ್ತದೆ. ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸಿ.